ಅಮ್ಮನ ಹದಿನಾರು ಪುಟ

ಪುಸ್ತಕವೆಲ್ಲ ಮಗಳಿಗೆ ಎಂದು ಅಮ್ಮ ಸಾಯುವಾಗ ಹೇಳಿಹೋದದ್ದು ಪ್ರೀತಿಯಿಂದಲೋ ಸೇಡಿನಿಂದಲೋ ಎಂಬುದು ಎರಡು ತಿಂಗಳಾದರೂ ಅವಳಿಗೆ ಬಗೆಹರಿದಿರಲಿಲ್ಲ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ತೋಳಿಗೆ ಹತ್ತಿದ ಸೀಮೆಸುಣ್ಣವನ್ನೂ ಕೊಡವಿಕೊಳ್ಳದೆ ಅಣ್ಣನ ಕನ್ನಡಕದ ಅಂಗಡಿಯ ಬಾಗಿಲು ತಳ್ಳಿದಾಗ, ಅಲ್ಲಿದ್ದ ಹತ್ತಾರು ಕನ್ನಡಿಗಳಲ್ಲಿ ಹತ್ತಾರು ಭಾಷಾ ಮೇಡಂಗಳು ಒಟ್ಟಿಗೇ ಒಳಗೆ ಬಂದರು; ಒಬ್ಬಳ ಮುಖದಲ್ಲೂ ಕಳೆ ಇರಲಿಲ್ಲ. ಅಣ್ಣ ಯಾರದೋ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಾ, ತಿರುಗಿ ನೋಡದೆಯೇ, “ಬಂದ್ಯಾ? ನಾಲ್ಕು ಗಂಟೆಗೆ ಅಮ್ಮನ ರೂಮಿಗೆ ಗಾಜು ಉಜ್ಜೋ ಮೆಷೀನ್ ಬರುತ್ತೆ. ಮೂರಕ್ಕೆ ರದ್ದಿಯವನಿಗೆ ಬರೋಕೆ ಹೇಳಿದ್ದೀನಿ. ಅಷ್ಟರಲ್ಲಿ ನಿಂಗೆ ಬೇಕಾದ್ದು ಆರಿಸ್ಕೊಂಡು ಉಳಿದದ್ದು ಕಟ್ಟಿಡು. ಬೇಕಾದ್ದು ಅಂತ ಅದರಲ್ಲಿ ಏನಾದ್ರೂ ಇದ್ರೆ,” ಎಂದ. ಮೂಗಿನ ಒಡೆಯನೂ ಸುಮ್ಮನೆ ನಕ್ಕ. ಅವಳಿಗೂ ನಗಬೇಕಾಯಿತು, ಯಾಕೆಂದರೆ ಅಮ್ಮನ ಪುಸ್ತಕಗಳ ವಿಷಯಕ್ಕೆ ಈ ಮನೆಯಲ್ಲಿ ಮೊದಲಿನಿಂದಲೂ ನಗುವುದೇ ರೂಢಿ. ಅಂಗಡಿಯ ಹಿಂದಿನ ಪರದೆ ಸರಿಸಿ ಅಮ್ಮನ ಕೋಣೆಗೆ ಕಾಲಿಟ್ಟಳು. ಕಬ್ಬಿಣದ ಮಂಚದ ಹಾಸಿಗೆ ಸುತ್ತಿಟ್ಟಿದ್ದರು. ಹಿಂದಿನ ಓಣಿಗೆ ತೆರೆಯುವ ಕಿಟಕಿಯಿಂದ ಬಿಸಿಲು ಬಂದು, ಗೋಡೆಯುದ್ದಕ್ಕೂ ನಿಂತ ಮೂರು ಮರದ ಕಪಾಟುಗಳ ಮೇಲೆ ಬಿದ್ದಿತ್ತು. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ.

ಆ ಪುಸ್ತಕಗಳಲ್ಲಿ ಒಂದಾದರೂ ನೆಟ್ಟಗಿರಲಿಲ್ಲ. ಅಮ್ಮ ಮೂವತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಪುಸ್ತಕ ಕಟ್ಟುವ ಕೆಲಸ ಮಾಡಿದವಳು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಅದಕ್ಕೆ ಅವರು ಫಾರಂ ಎನ್ನುತ್ತಿದ್ದರು. ಒಂದು, ಎರಡು, ಮೂರು ಎಂದು ಫಾರಂಗಳನ್ನು ಸಾಲಾಗಿ ಜೋಡಿಸಿ, ಬೆನ್ನಿಗೆ ಹೊಲಿಗೆ ಹಾಕಿ, ಅಂಟು ಬಳಿದು ರಟ್ಟು ಹೊದಿಸಿದರೆ ಪುಸ್ತಕ. ಜೋಡಿಸುವವರ ಕೈ ತಪ್ಪಿ ಎರಡನೆಯ ಫಾರಂ ಎರಡು ಸಲ ಬಿದ್ದು ಮೂರನೆಯದು ಬೀಳದೇ ಹೋದರೆ ಅದು ಹಾಳು ಪ್ರತಿ, ನೇರ ರದ್ದಿಗೆ. ಅಂಥವನ್ನು ಅಮ್ಮ ಮಾಲೀಕರನ್ನು ಕೇಳಿ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತರುತ್ತಿದ್ದಳು, ಬೇರೆಯವರು ಕುಂಟು ನಾಯಿಮರಿಯನ್ನು ತರುವ ಹಾಗೆ. ಮೂವತ್ತೆರಡರ ನಂತರ ನಲವತ್ತೊಂಬತ್ತು ಬರುವ ಕಾದಂಬರಿ, ಕೊನೆಯೇ ಇಲ್ಲದ ನಾಟಕ, ಮಧ್ಯ ಹೊಟ್ಟೆ ಖಾಲಿಯಾದ ದೊರೆಗಳ ಕತೆ. ಬಂದವರು ಕಪಾಟು ನೋಡಿ, ಓಹೋ, ಎಷ್ಟೊಂದು ಓದುತ್ತೀರಿ ಎಂದರೆ ಅಪ್ಪನೋ ಅಣ್ಣನೋ, “ಅಯ್ಯೋ, ಅವಳಿಗೆ ಓದೋಕೆಲ್ಲಿ ಬರುತ್ತೆ? ಎಲ್ಲಾ ಹರಕು ಮುರುಕು,” ಎನ್ನುತ್ತಿದ್ದರು. ಅಮ್ಮ ಆ ಮಾತಿಗೆ ಹ್ಞೂಂ ಅಂದದ್ದೂ ಇಲ್ಲ, ಊಹ್ಞೂಂ ಅಂದದ್ದೂ ಇಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಿದ್ದಳು.

ಓದಲು ಬರುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಬೇಕಾದಷ್ಟಿತ್ತು. ಅಮ್ಮ ಪುಸ್ತಕ ಹಿಡಿಯುತ್ತಿದ್ದುದೇ ತಲೆಕೆಳಗಾಗಿ. ಅಣ್ಣ ಅಂಗಡಿ ಹಾಕಿದ ಹೊಸತರಲ್ಲಿ ನೆಂಟರ ಮುಂದೆಯೇ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳ ಹಲಗೆ ತೋರಿಸಿ ಓದಮ್ಮಾ ಎಂದಾಗ, ಅಮ್ಮ ಸ್ವಲ್ಪ ಹೊತ್ತು ನೋಡಿ, “ತಲೆಕೆಳಗೆ ಹಾಕಿದ್ದೀಯಲ್ಲೋ, ತಿರುಗಿಸಿ ಹಾಕೋ,” ಎಂದಿದ್ದಳು. ಆ ದಿನ ನಕ್ಕ ನಗುವೇ ನಗು. ಇಪ್ಪತ್ತೈದು ವರ್ಷ ಆ ಮಾತು ಮನೆಯಲ್ಲಿ ಗಾದೆಯಾಗಿ ಬಾಳಿತು. ಯಾರಾದರೂ ದಡ್ಡತನ ಮಾಡಿದರೆ ತಿರುಗಿಸಿ ಹಾಕೋ ಎಂದರೆ ಸಾಕು. ಅವಳೂ ನಕ್ಕಿದ್ದಳು. ನಕ್ಕಿದ್ದಷ್ಟೇ ಆದರೆ ಪರವಾಗಿರಲಿಲ್ಲ. ಅವಳ ಶಾಲೆಯ ವಾರ್ಷಿಕ ಸಮಾರಂಭಕ್ಕೆ ಅಮ್ಮ ಹೊಸ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತು ಕಾರ್ಯಕ್ರಮದ ಪಟ್ಟಿಯನ್ನು ಉಲ್ಟಾ ಹಿಡಿದು ನೋಡುತ್ತಿದ್ದಾಗ, ಮುಖ್ಯೋಪಾಧ್ಯಾಯಿನಿ ಬಗ್ಗಿ ಮೆಲ್ಲಗೆ ಆ ಪಟ್ಟಿಯನ್ನು ನೆಟ್ಟಗೆ ತಿರುಗಿಸಿ ಕೊಟ್ಟು, ಅವಳ ಕಡೆ ನೋಡಿ, ಯಾರಿವರು ಎಂದು ಹುಬ್ಬೇರಿಸಿದ್ದರು. ಆಗ ಅವಳ ಬಾಯಿಂದ ಬಂದದ್ದು, “ನಮ್ಮ ಮನೇಲಿ ಇರ್ತಾರೆ.” ಅಮ್ಮನಿಗೆ ಕೇಳಿಸಿತೇ? ಎರಡೇ ಕುರ್ಚಿಯಾಚೆ. ಕೇಳಿಸದೇ ಇರುತ್ತದೆಯೇ? ಕೇಳಿಸಿಯೂ ಅಮ್ಮ ತಿರುಗಿಸಿ ಕೊಟ್ಟ ಪಟ್ಟಿಯನ್ನು ಹಾಗೇ ಕೈಯಲ್ಲಿಟ್ಟುಕೊಂಡು, ಕೊನೆಯವರೆಗೂ ಒಂದಕ್ಷರ ನೋಡದೆ, ವೇದಿಕೆಯ ಮೇಲೆ ಮಗಳು ನಿರೂಪಣೆ ಮಾಡುವುದನ್ನು ಕೇಳುತ್ತಾ ಕೂತಿದ್ದಳು. ಹನ್ನೆರಡು ವರ್ಷವಾದರೂ ಅದನ್ನು ನೆನೆದರೆ ಅವಳಿಗೆ ನಾಚಿಕೆಯಾಗುತ್ತದೆ. ಥೂ, ಎಂದುಕೊಂಡಳು, ಜೋರಾಗಿಯೇ.

ಮೊದಲು ಕೈಗೆ ಸಿಕ್ಕಿದ್ದು ನೀಲಿ ರಟ್ಟಿನ ಹಳೆಯ ಸಾಂಸಾರಿಕ ಕಾದಂಬರಿ. ಗೊತ್ತಿತ್ತು ಅದು. ಗಂಡನ ಮೇಲೆ ಮುನಿಸಿಕೊಂಡು ಮನೆ ಬಿಟ್ಟ ಹೆಂಡತಿಯೊಬ್ಬಳು ಕೊನೆಗೆ ಪಶ್ಚಾತ್ತಾಪಪಟ್ಟು ಹಿಂದಿರುಗುವ ಕತೆ. ಒಂದು ಕಾಲಕ್ಕೆ ಮನೆ ಮನೆಯಲ್ಲೂ ಇತ್ತು. ರದ್ದಿಗೆ ಎಸೆಯಬೇಕೆಂದು ಎತ್ತಿದವಳು, ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದ ಕೈಯ ಅಭ್ಯಾಸಬಲದಿಂದ ಬೆರಳಲ್ಲಿ ಸರ್ರನೆ ಪುಟ ಹಾಯಿಸಿದಳು. ಮೂವತ್ತೆರಡು. ಆಮೇಲೆ ಕೈಬರಹ. ಹದಿನಾರು ಪುಟ, ಒತ್ತೊತ್ತಾಗಿ, ನೀಲಿ ಶಾಯಿಯಲ್ಲಿ, ಪ್ರತಿ ಪುಟದ ತಲೆಯಲ್ಲಿ ಅಚ್ಚಿನ ಅಂಕಿಯಂತೆಯೇ ಬರೆದ ಅಂಕಿ: ಮೂವತ್ಮೂರು, ಮೂವತ್ನಾಲ್ಕು. ನಲವತ್ತೊಂಬತ್ತರಿಂದ ಮತ್ತೆ ಅಚ್ಚು. ನಡುವಿನ ಹೊಲಿಗೆ ಎಷ್ಟು ನಾಜೂಕಾಗಿತ್ತೆಂದರೆ ಮುಚ್ಚಿದ ಪುಸ್ತಕ ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾರೋ ಪಾಪ ಬೇರೆ ಪ್ರತಿಯಿಂದ ನಕಲು ಮಾಡಿಕೊಟ್ಟಿರಬೇಕು ಎಂದುಕೊಂಡು ಮಂಚದ ತುದಿಯಲ್ಲಿ ಕೂತು ಓದಿದಳು. ಮನೆ ಬಿಟ್ಟ ಹೆಂಡತಿ ಊರ ಸಂತೆಯ ಬೀದಿಯಲ್ಲಿ ಅಂಗಡಿಗಳ ಹೆಸರಿನ ಹಲಗೆ ಬರೆಯುವ ಮುದುಕನ ಹತ್ತಿರ ಕೆಲಸ ಕೇಳುತ್ತಾಳೆ. ಬಣ್ಣ ಕಲಸುತ್ತಾಳೆ. ಏಣಿ ಹತ್ತುತ್ತಾಳೆ. ಓದುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಈ ಕತೆ ಅವಳಿಗೆ ಗೊತ್ತಿತ್ತು. ಕಾದಂಬರಿಯಿಂದಲ್ಲ.

ಒಂಬತ್ತು ವರ್ಷ ಆಗ. ಅಮ್ಮ ಮಲಗುವ ಹೊತ್ತಿಗೆ ದಿನಕ್ಕಿಷ್ಟು ಎಂದು ಹೇಳುತ್ತಿದ್ದ ಕತೆ, ನೀಲಿ ಪುಸ್ತಕ ಮುಂದಿಟ್ಟುಕೊಂಡೇ, ತಲೆಕೆಳಗಾಗಿ. ಏಣಿಯ ಮೇಲೆ ನಿಂತು ಆ ಹೆಂಗಸು ಬರೆದ ಮೊದಲ ಅಕ್ಷರ ಬೀದಿಯ ಆ ತುದಿಗೂ ಕಾಣುತ್ತಿತ್ತು ಎಂಬಲ್ಲಿಗೆ ನಿಲ್ಲಿಸಿ ಅಮ್ಮ, “ಉಳಿದದ್ದು ನಾಳೆ,” ಎಂದಿದ್ದಳು. ಮಾರನೆಯ ದಿನವೇ ತರಗತಿಯಲ್ಲಿ ಮೇಷ್ಟ್ರು ಆ ಕಾದಂಬರಿಯ ಮಾತೆತ್ತಿ, ಯಾರು ಓದಿದ್ದೀರಿ ಎನ್ನಬೇಕೇ? ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳು. ಏಣಿ, ಬಣ್ಣ, ಮುದುಕ, ಸಂತೆ ಎಲ್ಲವನ್ನೂ ಗಿಣಿಯ ಹಾಗೆ ಒಪ್ಪಿಸಿದಳು. ಯಾವ ಏಣಿಯಮ್ಮಾ, ಯಾವ ಬಣ್ಣ, ಎಂದು ಮೇಷ್ಟ್ರು ಮೇಜಿನಿಂದ ಆ ಪುಸ್ತಕವನ್ನೇ ತೆಗೆದು ತೋರಿಸಿದರು. ಹೆಂಡತಿ ತವರಿನ ಕೋಣೆಯಲ್ಲಿ ಹದಿನಾರು ಪುಟ ಅಳುತ್ತಾಳೆ, ಅಷ್ಟೇ. ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೆ ನಿಂತಳು. ಸುಳ್ಳಿ ಎಂಬ ಹೆಸರು ಏಳನೆಯ ತರಗತಿಯವರೆಗೂ ಬೆನ್ನು ಬಿಡಲಿಲ್ಲ. ಮನೆಗೆ ಬಂದವಳೇ ಚೀಲ ಬಿಸಾಡಿ ಕಿರುಚಿದ್ದಳು: “ಓದೋಕೆ ಬರಲ್ಲ ಅಂದ್ಮೇಲೆ ಓದೋ ಹಾಗೆ ಯಾಕೆ ನಾಟಕ ಆಡ್ತೀಯಾ? ಎಲ್ಲಾ ಕಟ್ಟುಕಥೆ! ಬರೀ ಕಟ್ಟುಕಥೆ!” ಅಮ್ಮ ಅಂಟು ಹತ್ತಿದ ಬೆರಳುಗಳನ್ನು ನೋಡಿಕೊಳ್ಳುತ್ತಾ, “ಹೌದು ಕಣೇ, ಕಟ್ಟಿದ್ದೇ,” ಎಂದಿದ್ದಳು. ಎಂಥ ಭಂಡತನ ಎಂದು ಆ ಹುಡುಗಿಗೆ ಅನಿಸಿತ್ತು. ಆಮೇಲೆ ಅಮ್ಮ ಕತೆ ಹೇಳಲಿಲ್ಲ, ಅವಳೂ ಕೇಳಲಿಲ್ಲ, ಆ ನಾಳೆ ಬರಲೇ ಇಲ್ಲ.

ಅಮ್ಮ ಕಟ್ಟಿದ್ದೇ ಎಂದದ್ದು ನಿಜ ಹೇಳಿದ್ದು. ಕಟ್ಟುವುದೇ ಕಸುಬಾದವಳು ಕತೆ ಕಟ್ಟಿ, ಕಟ್ಟಿದ ಕತೆಯನ್ನು ಪುಸ್ತಕಕ್ಕೆ ಕಟ್ಟಿದ್ದಳು. ಅಲ್ಲ, ಬರಹ ಅಮ್ಮನದೇ ಎಂದು ಹೇಗೆ ಹೇಳುವುದು? ಅಮ್ಮ ಬರೆದದ್ದನ್ನು ಅವಳು ಕಂಡದ್ದಾದರೂ ಎಲ್ಲಿ? ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಕ್ಕಳ ಕೈಬರಹ ತಿದ್ದಿ ತಿದ್ದಿ ಸವೆದ ಕಣ್ಣು ಅವಳದು. ಪೆನ್ನು ಎಲ್ಲಿ ಊರಿತು, ಎಲ್ಲಿ ಎದ್ದಿತು ಎಂಬುದು ಆ ಕಣ್ಣಿಗೆ ಬಚ್ಚಿಡಲಾಗುವುದಿಲ್ಲ. ಇಲ್ಲಿ ಪ್ರತಿಯೊಂದು ಅಕ್ಷರವೂ ನಾವು ಮುಗಿಸುವ ಕಡೆಯಿಂದ ಶುರುವಾಗಿತ್ತು. ಕೊಂಬು ಮೊದಲು ಊರಿ ಆಮೇಲೆ ಮೈ, ತಲಕಟ್ಟು ಎಲ್ಲಕ್ಕಿಂತ ಕೊನೆಗೆ. ಕಾಗದವನ್ನು ತಲೆಕೆಳಗಾಗಿ ಇಟ್ಟುಕೊಂಡು ಬರೆದರೆ ಮಾತ್ರ ಹೀಗಾಗುತ್ತದೆ. ಆಗ ಅವಳಿಗೆ ಅಚ್ಚುಕೂಟದ ಆ ಉದ್ದನೆಯ ಮೇಜು ಕಣ್ಣಿಗೆ ಬಂತು. ರಜೆಯ ದಿನಗಳಲ್ಲಿ ಅಮ್ಮನ ಜೊತೆ ಹೋಗಿ ಆ ಮೇಜಿನ ಕೆಳಗೆ ಕಾಗದದ ಚೂರು ಆಯುತ್ತಿದ್ದಳು. ಮೇಲೆ ಈಚೆಗೆ ಅಮ್ಮ ಹಾಳೆ ಮಡಚುತ್ತಾ ನಿಂತಿರುತ್ತಿದ್ದಳು. ಆಚೆ ಎದುರಿಗೆ ಕರಡು ತಿದ್ದುವ ಮುದುಕ, ಒಂದೊಂದು ಪದದ ಕೆಳಗೂ ಬೆರಳಿಟ್ಟು, ಕಿವುಡನಾದ್ದರಿಂದ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದುತ್ತಿರುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ, ವರ್ಷಗಟ್ಟಲೆ. ಅಮ್ಮನಿಗೆ ಯಾರೂ ಅಕ್ಷರ ಕಲಿಸಿರಲಿಲ್ಲ. ಅಮ್ಮ ಮೇಜಿನ ಈಚೆ ಬದಿಯಿಂದ ಕದ್ದು ಕಲಿತಿದ್ದಳು, ಕಂಡ ಹಾಗೆಯೇ, ತಲೆಕೆಳಗಾಗಿ. ತಿರುಗಿಸಿ ಹಾಕೋ ಎಂದದ್ದು ದಡ್ಡತನವಲ್ಲ. ಹಾಗೆ ಹಾಕಿದ್ದರೆ ಕೊನೆಯ ಸಾಲಿನವರೆಗೂ ಗಡಗಡ ಓದಿಬಿಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಮಕ್ಕಳಿಗೆ ಗಾದೆ ವಿಸ್ತರಿಸಿ ಬರೆಯಲು ಕೊಡುವ ಭಾಷಾ ಮೇಡಂ ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅಳು ನಿಂತ ಮೇಲೆ ಹುಚ್ಚು ಹಿಡಿದವಳಂತೆ ಕಪಾಟುಗಳನ್ನು ಕೆದಕಿದಳು. ಒಂದಲ್ಲ ಎರಡಲ್ಲ, ತೆಗೆದ ತೆಗೆದ ಪುಸ್ತಕದಲ್ಲೂ ಅಮ್ಮ ಇದ್ದಳು. ನಾಟಕಕ್ಕೆ ಕೊನೆಯ ಅಂಕ ಬರೆದಿದ್ದಳು. ಆರೋಗ್ಯ ಕೈಪಿಡಿಯೊಂದರಲ್ಲಿ ಕಳೆದುಹೋದ ಹದಿನಾರು ಪುಟಕ್ಕೆ, ನಿದ್ದೆ ಬಾರದವರು ಏನೇನು ಯೋಚಿಸಬಹುದು ಎಂಬ ಪಟ್ಟಿ. ಅವಳು ಲಂಗ ಹಾಕುತ್ತಿದ್ದ ಕಾಲದ ಗೆರೆಯ ಕಾಗದ ಮುಗಿದು, ಹಳದಿ ಲೆಡ್ಜರ್ ಹಾಳೆ ಮುಗಿದು, ಈಚಿನ ಪುಸ್ತಕಗಳಲ್ಲಿ ಕಾಗದ ಬಿಳುಪಾಗಿತ್ತು, ಹಿಂಬದಿಯಲ್ಲಿ ಎಡಗಣ್ಣು ಬಲಗಣ್ಣು ಎಂದು ಅಚ್ಚಾಗಿತ್ತು. ಅಣ್ಣನ ಅಂಗಡಿಯ ಚೀಟಿ! ಪ್ಯಾಡುಗಳು ಎಲ್ಲಿ ಮಾಯವಾಗುತ್ತವೆ ಎಂದು ಅಣ್ಣ ಎಷ್ಟು ಜನ ಕೆಲಸದವರ ಮೇಲೆ ಹಾರಾಡಿದ್ದ! ಅಂದರೆ ಅಮ್ಮ ಕೊನೆಯವರೆಗೂ, ಪರದೆಯ ಈಚೆಗೆ, ಹಾಸ್ಯಕ್ಕೆ ಗುರಿಯಾಗುತ್ತಾ, ಬರೆಯುತ್ತಲೇ ಇದ್ದಳು. ಅವಳು ಕಣ್ಣು ಒರೆಸಿಕೊಂಡು ನಕ್ಕಳು. ಇದು ದುಃಖವಲ್ಲ, ಜಂಬ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಅಮ್ಮನ ವಿಷಯದಲ್ಲಿ ಜಂಬಪಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಪರದೆ ಸರಿಯಿತು. ಮುಂದೆ ಅಣ್ಣ, ಹಿಂದೆ ಖಾಲಿ ಗೋಣಿಗಳನ್ನು ಹೆಗಲ ಮೇಲೆ ಹಾಕಿಕೊಂಡ ರದ್ದಿಯವನು, ಅರವತ್ತು ದಾಟಿದ ಮನುಷ್ಯ. ನೆಲದ ಮೇಲೆಲ್ಲ ಹರಡಿದ್ದ ಪುಸ್ತಕ ನೋಡಿ ಅಣ್ಣ, “ಇದೇನೇ ಇದು, ಕಟ್ಟು ಅಂದ್ರೆ ಬಿಚ್ಚಿಟ್ಟಿದ್ದೀಯಾ,” ಎಂದ.

“ಒಂದು ಪುಸ್ತಕಾನೂ ಕೊಡಲ್ಲ.”

“ಕೊಡದೆ? ಎಲ್ಲಿಡ್ತೀಯಾ? ನಿನ್ನ ಮನೇಲಿ ನಿಂಗೇ ಜಾಗ ಇಲ್ಲ.”

“ಇಲ್ಲೇ ಇರ್ಲಿ. ಅಮ್ಮ ಬರೆದಿದ್ದಾಳೆ ಕಣೋ ಇದರಲ್ಲಿ.”

ಅಣ್ಣ ಕನ್ನಡಕವನ್ನು ಹಣೆಗೇರಿಸಿ ತಂಗಿಯ ಕೆಂಪು ಕಣ್ಣು ನೋಡಿದ. “ಅಮ್ಮ? ಬರೆದಿದ್ದಾಳೆ?” ಎಂದು ರದ್ದಿಯವನ ಕಡೆ ತಿರುಗಿ, “ನಮ್ಮ ತಾಯಿಗೆ ಪುಸ್ತಕ ಯಾವ ಕಡೆ ಹಿಡೀಬೇಕು ಅನ್ನೋದೇ…” ಎಂದು ಹಳೆಯ ನಗುವನ್ನು ಶುರುಮಾಡಿದ. ಆ ನಗುವಿಗೆ ಅವಳು ಯಾವಾಗಲೂ ದನಿಗೂಡಿಸಿದವಳು. ಈಗ ಅದು ಬಂದು ಅವಳ ಮುಖಕ್ಕೆ ಹೊಡೆದ ಹಾಗಾಯಿತು. “ಬಾಯ್ಮುಚ್ಚು,” ಎಂದಳು. ಐವತ್ತು ವರ್ಷದಲ್ಲಿ ಅಣ್ಣನಿಗೆ ಆ ಮಾತು ಹೇಳಿದ್ದು ಅದೇ ಮೊದಲು. “ಬಾಯ್ಮುಚ್ಚಿ ಕೂತ್ಕೊಂಡು ಕೇಳು. ಹದಿನಾರೇ ಪುಟ. ಕೇಳಿದ್ಮೇಲೂ ರದ್ದಿಗೆ ಹಾಕು ಅಂದ್ರೆ ನಾನೇ ಮೂಟೆ ಕಟ್ಟಿಕೊಡ್ತೀನಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎಂಥ ಮಾತು ಕೊಟ್ಟುಬಿಟ್ಟೆ! ಪೂರ್ತಿ ಓದಿರಲೂ ಇಲ್ಲ. ಕೊನೆಯಲ್ಲಿ ಅಮ್ಮ ಎಡವಿದ್ದರೆ? ಹದಿನಾರು ಪುಟ ಏಣಿಯ ಮೇಲಿದ್ದವಳನ್ನು ನಲವತ್ತೊಂಬತ್ತನೆಯ ಪುಟದ ಅಚ್ಚು ಕಾಯುತ್ತಾ ಕೂತಿತ್ತು. ಅಲ್ಲಿ ಅವಳು ಗಂಡನ ಕಾಲು ಹಿಡಿಯಲೇಬೇಕು. ಅಚ್ಚನ್ನು ಅಮ್ಮ ಹೇಗೆ ತಾನೇ ಅಳಿಸುತ್ತಾಳೆ?

ಓದಿದಳು. ಮೊದಮೊದಲು ಮೆಲ್ಲಗೆ, ಆಮೇಲೆ ತರಗತಿಯ ದನಿಯಲ್ಲಿ. ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಬಣ್ಣದ ಮುದುಕ ಆ ಹೆಂಗಸಿಗೆ, ಅಕ್ಷರ ಓದಲು ಬರದಿದ್ದರೂ ಪರವಾಗಿಲ್ಲ, ಅಕ್ಷರಕ್ಕೂ ಹೊಟ್ಟೆ ಬೆನ್ನು ಇರುತ್ತದೆ, ಅದನ್ನು ಹಿಡಿದುಕೋ ಸಾಕು ಎನ್ನುವಲ್ಲಿ ಅಣ್ಣ ಗಡಿಯಾರ ನೋಡುವುದನ್ನು ಬಿಟ್ಟ. ಆ ಹೆಂಗಸು ತನ್ನ ಸ್ವಂತ ದುಡಿಮೆಯಲ್ಲಿ ಒಬ್ಬಳೇ ಕೂತು ಹೊಟ್ಟೆ ತುಂಬ ಉಂಡು, ಯಾರಿಗೂ ಬಡಿಸಬೇಕಿಲ್ಲವೆಂದು ಹೊಳೆದು ಗಾಬರಿಯಾಗಿ ಸುತ್ತ ನೋಡುವಲ್ಲಿ ರದ್ದಿಯವನು ಹೆಗಲ ಗೋಣಿ ನೆಲಕ್ಕೆ ಹಾಸಿ ಅದರ ಮೇಲೆ ಕೂತ. ನಲವತ್ತೆಂಟನೆಯ ಪುಟ ಬಂತು. ಗಂಡ ಹುಡುಕಿಕೊಂಡು ಸಂತೆಬೀದಿಗೆ ಬಂದಿದ್ದಾನೆ. ಏಣಿಯ ಬುಡದಲ್ಲಿ ನಿಂತು, ಇಳಿ ಕೆಳಗೆ, ಎಂದು ಗುಡುಗಿದ್ದಾನೆ. ಇನ್ನೊಂದು ಅಕ್ಷರ ಬಾಕಿ ಇದೆ, ಮುಗಿಸಿ ಇಳೀತೀನಿ ಎನ್ನುತ್ತಾಳೆ ಇವಳು. ಅವನು ಕೋಪದಲ್ಲಿ ಏಣಿಯನ್ನು ಹಿಡಿದು ಅಲ್ಲಾಡಿಸುತ್ತಾನೆ. ಅಮ್ಮನ ಕೊನೆಯ ಸಾಲು: “ಆಗ ಅವಳು ಆಯ ತಪ್ಪಿ, ಬಣ್ಣದ ಡಬ್ಬಿಯ ಸಮೇತ, ಎಂಟು ಮೆಟ್ಟಿಲ ಮೇಲಿನಿಂದ ದೊಪ್ಪೆಂದು” ಅಷ್ಟೇ. ಪುಟ ಮುಗಿಯಿತು. ಓದುತ್ತಿದ್ದವಳು ಹಾಳೆ ಮಗುಚಿದಳು. ಅಚ್ಚು ಶುರುವಾಗಿತ್ತು: “ಅವನ ಕಾಲ ಮೇಲೆ ಬಿದ್ದಳು. ಅವನ ಕಣ್ಣುಗಳಲ್ಲಿ ದಳದಳನೆ ನೀರುಕ್ಕಿತು. ‘ಸಾಕು, ಮನೆಗೆ ಹೋಗೋಣ’ ಎಂದು ನರಳಿದನು.”

ಅಣ್ಣನ ಹೊಟ್ಟೆಯಿಂದ ಒಂದು ಶಬ್ದ ಹೊರಟಿತು. “ಕಾಲ ಮೇಲೆ…” ಎಂದ. “ಡಬ್ಬಿ ಸಮೇತ!” ಎಂದು ರದ್ದಿಯವನು ತೊಡೆ ತಟ್ಟಿದ. “ಸಾಕು ಅನ್ನದೆ ಇನ್ನೇನಂತಾನೆ, ಬೆರಳು ಜಜ್ಜಿಹೋಗಿರುತ್ತೆ!” ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಚ್ಚಿನ ಒಂದಕ್ಷರವನ್ನೂ ಅಳಿಸಿರಲಿಲ್ಲ ಅಮ್ಮ. ಮನೆ ಮನೆಯ ಹೆಂಗಸರು ಕಣ್ಣೀರಿಟ್ಟು ಓದಿದ ಅದೇ ಸಾಲು, ಅದೇ ಪುಟ, ತಿರುಗಿಸಿ ಹಾಕಿದ್ದಳು, ಅಷ್ಟೇ. ಅಣ್ಣ ಗೋಡೆಗುಂಟ ಜಾರಿ ನೆಲದ ಮೇಲೆ ಕೂತು, ಕನ್ನಡಕ ತೆಗೆದು ಕಣ್ಣೊರೆಸುತ್ತಿದ್ದ, ಒರೆಸಿದಷ್ಟೂ ಬರುತ್ತಿತ್ತು. “ಇಷ್ಟು ವರ್ಷ ನಾವು ನಗ್ತಾ ಇದ್ವಲ್ಲೇ,” ಎಂದ, ದನಿ ಒಡೆದು, “ಅವಳು ಒಳಗೊಳಗೇ ನಮ್ಮನ್ನ ನೋಡಿ ಎಷ್ಟು ನಕ್ಕಿರಬೇಡ!”

ಹೊರಗೆ ವಾಹನ ನಿಂತ ಸದ್ದಾಯಿತು. ಯಾರೋ ಗಾಜಿನ ಬಾಗಿಲು ತಟ್ಟಿ, ಸಾರ್, ಮೆಷೀನು ಎಂದು ಕೂಗಿದರು. ಅಣ್ಣ ಕೂತಲ್ಲಿಂದ ಏಳದೆ ಕೂಗಿ ಹೇಳಿದ: “ಅಲ್ಲೇ ಅಂಗಡಿ ಮೂಲೇಲಿ ಇಳಿಸ್ರಯ್ಯಾ. ಈ ರೂಮ್ ಖಾಲಿ ಇಲ್ಲ.”

ಹೋಗಬೇಕಾಗಿದ್ದ ರದ್ದಿಯವನು ಗೋಣಿಯ ಮೇಲೆ ಇನ್ನಷ್ಟು ಸರಿಯಾಗಿ ಕೂತುಕೊಂಡ. “ಬರೆದೋರು ಯಾರು ಅಂದ್ರಿ?”

“ನಮ್ಮಮ್ಮ,” ಎಂದಳು ಅವಳು. ಪರದೆಯಾಚೆ ಅಂಗಡಿಯಲ್ಲಿದ್ದವರಿಗೂ, ಕಿಟಕಿಯಾಚೆ ಓಣಿಯಲ್ಲಿ ಹೋಗುವವರಿಗೂ ಕೇಳಿಸುವ ಹಾಗೆ ಇನ್ನೊಂದು ಸಲ, “ನಮ್ಮಮ್ಮ!” ಎಂದಳು.

“ಹಾಗಾದ್ರೆ ಇನ್ನೊಂದು ಓದಿ.”

ಅವಳು ಕೈಚಾಚಿ ದೊರೆಗಳ ಕತೆ ತೆಗೆದುಕೊಂಡಳು. ಎಂಬತ್ತನೆಯ ಪುಟದ ಕೊನೆಯಲ್ಲಿ ಅಚ್ಚಿನ ದೊರೆ ಸಿಂಹಾಸನದಿಂದೆದ್ದು, ಎಲೈ ಹೆಂಗಸೇ, ನಿನ್ನ ವೃತ್ತಾಂತವೇನು, ಎಂದು ಕೇಳುತ್ತಿದ್ದ; ಆಕೆಯು ತಲೆ ತಗ್ಗಿಸಿ, ಎಂಬಲ್ಲಿಗೆ ಅಚ್ಚು ಮುಗಿದಿತ್ತು. ಅವಳು ಪುಟ ಮಗುಚಿ ಅಮ್ಮನ ನೀಲಿ ಶಾಯಿಯನ್ನು ಗಟ್ಟಿಯಾಗಿ ಓದಿದಳು: “ಒಳಗೆ ಬಂದಳು, ಯಾಕೆಂದರೆ ಆ ಅರಮನೆಯ ಬಾಗಿಲು ಬಹಳ ಕುಳ್ಳು. ಒಳಗೆ ಬಂದ ಮೇಲೆ ತಲೆ ಎತ್ತಿ, ‘ಮೊದಲು ನೀನು ಕೂತ್ಕೋ ದೊರೆ, ನನ್ನ ಕತೆ ಉದ್ದ ಇದೆ,’ ಎಂದಳು.”